ಚೀಲ ತಿರುವಿ ನೋಡಿದೆ: ಸಂಡೂರು ಕುಶಲ ಕಲಾ ಕೇಂದ್ರ

ನಾನು ಹೊಸಪೇಟೆಯಲ್ಲಿ ಬ್ಲೌಸ್ ಹೊಲಿಯುತ್ತೇನೆ. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಯಾವ ಬಟ್ಟೆ ಕೈಗೆ ಸಿಕ್ಕರೂ ಮೊದಲು ತಿರುವಿ ಹಿಂಬದಿ ನೋಡುವುದು ನನ್ನ ಚಾಳಿ. ಒಮ್ಮೆ ಮದುವೆ ಮನೆಯಲ್ಲಿ ಪಕ್ಕದಲ್ಲಿ ಕೂತವರ ಸೆರಗು ತಿರುವಲು ಹೋಗಿ ಬೈಸಿಕೊಂಡಿದ್ದೂ ಇದೆ. ಮುಂಬದಿಯನ್ನು ಯಾರು ಬೇಕಾದರೂ ಚಂದ ಮಾಡುತ್ತಾರೆ. ಗಂಟು, ಎಳೆದಾಡಿದ ದಾರ, ಅವಸರ, ಸೋಮಾರಿತನ ಎಲ್ಲ ಹಿಂದೆ ಕೂತಿರುತ್ತವೆ.

ಕಳೆದ ವರ್ಷ ಒಂದು ಆನ್‌ಲೈನ್ ಅಂಗಡಿಯಿಂದ ‘ಅಪ್ಪಟ ಲಂಬಾಣಿ ಕೈಕಸೂತಿ ಬ್ಯಾಗ್’ ತರಿಸಿದ್ದೆ. ಫೋಟೋದಲ್ಲಿ ಭಾರೀ ಚಂದ ಇತ್ತು. ಬಂತು, ತಿರುವಿದೆ. ಹಿಂದೆ ಪೂರ್ತಿ ಬಿಳಿ ಬಾಬಿನ್ ದಾರ. ಮಷಿನ್ ಎಂಬ್ರಾಯ್ಡರಿಗೆ ಕೆಳಗೆ ಇಡುತ್ತಾರಲ್ಲ, ಆ ಪೇಪರು ಕೂಡ ಅಲ್ಲಲ್ಲಿ ಹಾಗೇ ಅಂಟಿಕೊಂಡಿತ್ತು. ಕನ್ನಡಿ ಅನ್ನುವುದು ಕನ್ನಡಿಯೇ ಅಲ್ಲ, ಹೊಳೆಯುವ ಪ್ಲಾಸ್ಟಿಕ್ ಬಿಲ್ಲೆ. ಅದನ್ನು ಗಮ್ ಹಾಕಿ ಕೂರಿಸಿದ್ದರು. ಉಗುರಿನಿಂದ ಕೆರೆದರೆ ಎದ್ದು ಬಂತು. ವಾಪಸ್ ಕಳಿಸೋಣ ಅಂದರೆ ಆಫರ್ ಮಾಲಿಗೆ ವಾಪಸಾತಿ ಇಲ್ಲವಂತೆ. ದುಡ್ಡು ಹೋಯಿತು.

ನನ್ನ ಅಂಗಡಿಯಲ್ಲಿ ಆರಿ ವರ್ಕ್ (ಕೊಕ್ಕೆ ಸೂಜಿಯ ಕಸೂತಿ) ಮಾಡುವ ಹುಡುಗಿ ಒಬ್ಬಳಿದ್ದಾಳೆ. ಮರಿಯಮ್ಮನಹಳ್ಳಿ ಕಡೆಯ ಒಂದು ತಾಂಡಾದವಳು. ಬ್ಯಾಗ್ ನೋಡಿ ನಕ್ಕುಬಿಟ್ಟಳು.

“ಅಕ್ಕಾ, ನಮ್ಮ ಅಜ್ಜಿ ಇದನ್ನ ನೋಡಿದ್ರ ಒಲಿಗೆ ಹಾಕ್ತಾಳ ನೋಡ್ರಿ.”

“ಹಂಗಾದ್ರ ನಿನಗ ಬರ್ತೈತೇನು ಈ ಹೊಲಿಗಿ?”

“ನನಗೆಲ್ಲಿ ಬರ್ತೈತ್ರಿ. ನಾ ಆರಿ ಕಲ್ತಿದ್ದು ಯೂಟ್ಯೂಬಿನಾಗ.”

ಅಜ್ಜಿಗೆ ಬರುತ್ತದೆ, ಮೊಮ್ಮಗಳಿಗೆ ಬರುವುದಿಲ್ಲ. ಆ ಮಾತು ತಲೆಯಲ್ಲೇ ಉಳಿಯಿತು. ಈ ಸೆಪ್ಟೆಂಬರ್‌ನಲ್ಲಿ ಸಂಡೂರಿಗೆ, ಲಂಬಾಣಿ ಹೆಂಗಸರು ಕೈಕಸೂತಿ ಹೊಲಿಯುವ ಕುಶಲ ಕಲಾ ಕೇಂದ್ರಕ್ಕೆ ಹೋಗಿದ್ದಕ್ಕೆ ಅರ್ಧ ಕಾರಣ ಅದು. ಉಳಿದರ್ಧ, ಒಳ್ಳೆಯ ಬ್ಯಾಗ್ ಬೇಕೇ ಬೇಕು ಅನ್ನುವ ಹಟ.

‘ಸಂಡೂರನ್ನು ಸೆಪ್ಟೆಂಬರ್‌ನಲ್ಲಿ ನೋಡಬೇಕು’ ಅಂತ ಗಾಂಧೀಜಿ ಹೇಳಿದ್ದರು ಎಂದು ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ಹೊಸಪೇಟೆಯಿಂದ ಮೂವತ್ತು ಕಿಲೋಮೀಟರ್ ಆಸುಪಾಸು. ಮಳೆ ಬಿದ್ದ ಮೇಲೆ ಗುಡ್ಡಗಳು ಹಸಿರಾಗುತ್ತವೆ ನಿಜ, ಆದರೆ ಹಸಿರಿನ ನಡುವೆ ಕೆಂಪು ಗಾಯ ಕಾಣದೇ ಇರುವುದಿಲ್ಲ. ನನ್ನ ತಮ್ಮ ಟಾಟಾ ಏಸ್ ಓಡಿಸುತ್ತಾನೆ, ಅವನೇ ಕರೆದುಕೊಂಡು ಹೋದ. ಆ ದಾರಿಯ ಒಂದೊಂದು ತಿರುವೂ ಅವನಿಗೆ ಬಾಯಿಪಾಠ. ಅದಿರಿನ ಭರಾಟೆಯ ಕಾಲದಲ್ಲಿ ಸಾಲ ಮಾಡಿ ಲಾರಿ ತೆಗೆದುಕೊಂಡಿದ್ದ. ಹಗಲೂ ರಾತ್ರಿ ಲೋಡು. ಅವನ ಬನಿಯನ್ ಒಗೆದ ನೀರು ಕುಂಕುಮ ಕದಡಿದ ಹಾಗೆ ಇರುತ್ತಿತ್ತು. ನನ್ನ ಅಂಗಡಿಯಲ್ಲೂ ಆಗ ಜೋರು ವ್ಯಾಪಾರ. ಲಾರಿ ಇಟ್ಟವರ ಹೆಂಡಂದಿರು ತಿಂಗಳಿಗೆ ನಾಲ್ಕು ಬ್ಲೌಸ್ ಹೊಲಿಸುತ್ತಿದ್ದರು, ಅದೂ ಕೇಳಿದಷ್ಟು ರೇಟಿಗೆ. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಆರು ತಿಂಗಳಲ್ಲಿ ಫೈನಾನ್ಸಿನವರು ಲಾರಿ ಎತ್ತಿಕೊಂಡು ಹೋದರು. ನನ್ನ ಅಂಗಡಿಗೂ ಹಳೇ ಬ್ಲೌಸ್ ಸಡಿಲ ಮಾಡಿಸುವವರೇ ಬರತೊಡಗಿದರು. ಗಣಿಯ ಬಗ್ಗೆ ಒಳ್ಳೆಯದು ಹೇಳುವಾಗಲೂ ಕೆಟ್ಟದ್ದು ಹೇಳುವಾಗಲೂ ನನಗೆ ನಾಲಿಗೆ ಸ್ವಲ್ಪ ತಡೆಯುತ್ತದೆ. ಆ ದುಡ್ಡಲ್ಲಿ ನಾನೂ ಮಷಿನ್ ತೆಗೆದುಕೊಂಡಿದ್ದೇನೆ.

ಇನ್ನೊಂದು ಮಾತು, ದಾರಿಯಲ್ಲಿ ನೆನಪಾಗಿದ್ದು. ಲಂಬಾಣಿಗಳು ಹಿಂದಿನ ಕಾಲದ ಸಾಗಣೆಯವರು. ಎತ್ತುಗಳ ಬೆನ್ನ ಮೇಲೆ ಉಪ್ಪು, ದವಸ ಹೇರಿಕೊಂಡು ಊರಿಂದ ಊರಿಗೆ, ದಂಡಿನ ಹಿಂದೆ ದಂಡು. ರೈಲು ಬಂತು, ಎತ್ತಿನ ಹೇರಿಗೆ ಕೆಲಸ ಇಲ್ಲವಾಯಿತು. ನನ್ನ ತಮ್ಮನಿಗೆ ಇದನ್ನು ಹೇಳಿದರೆ, “ಅವರದ್ದೂ ಲೋಡ್ ನಿಂತಿತಲ್ಲ ಅಕ್ಕ” ಅಂದ.

ಈಗ ಕೇಂದ್ರದ ವಿಷಯಕ್ಕೆ ಬರುತ್ತೇನೆ.

ಸಂಡೂರು ಕುಶಲ ಕಲಾ ಕೇಂದ್ರ ಸೊಸೈಟಿಯಾಗಿ ಶುರುವಾದದ್ದು 1988ರಲ್ಲಿ. ಇದರ ಬೆನ್ನಿಗೆ ಇರುವುದು ಗಣಿ ಕಂಪನಿ: ಸಂಡೂರು ಮ್ಯಾಂಗನೀಸ್ ಅಂಡ್ ಐರನ್ ಓರ್ಸ್. ನಮ್ಮ ಕಡೆ ಯಾರೂ ಅಷ್ಟುದ್ದ ಹೇಳುವುದಿಲ್ಲ, ‘ಸ್ಮಯೋರ್’ ಅಂದರೆ ಸಾಕು. ಸಂಡೂರು ಸಂಸ್ಥಾನ ಆಳಿದ ಘೋರ್ಪಡೆ ಮನೆತನ 1954ರಲ್ಲಿ ಕಟ್ಟಿದ ಕಂಪನಿ ಅದು. ದೇವಗಿರಿಯ ಮೇಲೆ ಮ್ಯಾಂಗನೀಸ್ ತೆಗೆಯುತ್ತಾರೆ, ವ್ಯಾಸನಕೆರೆಯಲ್ಲಿ ಅವರ ಕಾರ್ಖಾನೆ. ನಾನು ಹುಟ್ಟಿದ್ದು ಮರಿಯಮ್ಮನಹಳ್ಳಿಯಲ್ಲಿ, ಹಾಗಾಗಿ ವ್ಯಾಸನಕೆರೆ ಫ್ಯಾಕ್ಟರಿಯ ಹೆಸರು ಚಿಕ್ಕಂದಿನಿಂದ ಕೇಳಿ ಗೊತ್ತು. ಆ ಮನೆತನದ ಎಂ. ವೈ. ಘೋರ್ಪಡೆ ರಾಜ್ಯದ ಹಣಕಾಸು ಸಚಿವರಾಗಿದ್ದವರು, ಕಾಡುಪ್ರಾಣಿಗಳ ಫೋಟೋ ತೆಗೆಯುವುದರಲ್ಲೂ ಹೆಸರು ಮಾಡಿದವರು.

1988 ಅನ್ನುವ ಇಸವಿಯನ್ನು ಸುಮ್ನೆ ಬರೆಯಲಿಲ್ಲ. ನನ್ನ ಗಿರಾಕಿ ಒಬ್ಬರು ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುತ್ತಾರೆ. ಅವರು ಹೇಳಿದ್ದು: ದೊಡ್ಡ ಕಂಪನಿಗಳು ಲಾಭದಲ್ಲಿ ನೂರಕ್ಕೆ ಎರಡು ರೂಪಾಯಿ ಸಮಾಜಕ್ಕೆ ಖರ್ಚು ಮಾಡಬೇಕು ಅಂತ ಕಾಯ್ದೆ ಬಂದದ್ದು 2013ರಲ್ಲಿ, ಜಾರಿಯಾದದ್ದು 2014ರ ಏಪ್ರಿಲ್‌ನಿಂದ. ಯಾವುದಕ್ಕೆಲ್ಲ ಖರ್ಚು ಮಾಡಬಹುದು ಅನ್ನುವ ಪಟ್ಟಿಯಲ್ಲಿ ಹಳೆಯ ಕಟ್ಟಡಗಳ ದುರಸ್ತಿಯೂ ಇದೆ, ಸಾಂಪ್ರದಾಯಿಕ ಕಲೆ ಮತ್ತು ಕರಕುಶಲ ಕೆಲಸವೂ ಇದೆ. ಅಂದರೆ ಕಾಯ್ದೆ ಬಂದು ‘ಕೊಡು’ ಅನ್ನುವುದಕ್ಕೆ ಇಪ್ಪತ್ತೈದು ವರ್ಷ ಮುಂಚೆಯೇ ಇಲ್ಲಿ ಸೂಜಿ ಹಿಡಿಸಿದ್ದರು. ನನಗೆ ಇದು ದೊಡ್ಡ ಮಾತು ಅನ್ನಿಸುತ್ತದೆ. ಗಡುವಿಗೆ ಹೊಲಿದ ಬ್ಲೌಸಿಗೂ ಮನಸ್ಸಿಟ್ಟು ಹೊಲಿದ ಬ್ಲೌಸಿಗೂ ತೋಳಿನ ಹತ್ತಿರ ವ್ಯತ್ಯಾಸ ಗೊತ್ತಾಗುತ್ತದೆ.

ನಾವು ಹೋದಾಗ ಹೆಂಗಸರು ಕೂತು ಹೊಲಿಯುತ್ತಿದ್ದರು. ನಾನು ಬಾಗಿಲಲ್ಲೇ ನಿಂತು ಕೈ ನೋಡಿದೆ, ಬಟ್ಟೆ ನೋಡಲಿಲ್ಲ. ಕೈಕಸೂತಿಯವರ ಕೈ ನೋಡಿದರೆ ಅರ್ಧ ತಿಳಿಯುತ್ತದೆ. ಒಬ್ಬರು ಕನ್ನಡಿ ಕೂರಿಸುತ್ತಿದ್ದರು. ಮೊದಲು ಕನ್ನಡಿಯ ಮೇಲೆ ಅಡ್ಡ ಎರಡು ದಾರ, ಉದ್ದ ಎರಡು ದಾರ ಎಳೆದು ಚೌಕಟ್ಟು. ಆಮೇಲೆ ಆ ಚೌಕಟ್ಟಿಗೆ ಸೂಜಿ ಸಿಕ್ಕಿಸಿ ಸುತ್ತಲೂ ಗಾಲಿಯ ಹಾಗೆ ಸುತ್ತುತ್ತಾ ಬರುವುದು. ದಾರ ಬಿಗಿಯಾದರೆ ಬಟ್ಟೆ ಮುದುಡುತ್ತದೆ, ಸಡಿಲವಾದರೆ ಕನ್ನಡಿ ಬೀಳುತ್ತದೆ. ಅವರು ಪಕ್ಕದವರ ಜೊತೆ ಗೋರ್ ಬೋಲಿಯಲ್ಲಿ, ಅಂದರೆ ಲಂಬಾಣಿ ಭಾಷೆಯಲ್ಲಿ ಮಾತಾಡುತ್ತಾ, ನಡುನಡುವೆ ನಗುತ್ತಾ, ಬಟ್ಟೆಯ ಕಡೆ ನೋಡಿದ್ದೇ ಕಮ್ಮಿ. ನಾನು ಬ್ಲೌಸಿನ ತೋಳಿಗೆ ಹತ್ತು ಕನ್ನಡಿ ಕೂರಿಸುವಷ್ಟರಲ್ಲಿ ಕನ್ನಡಕ ಮೂರು ಸಲ ಒರೆಸುತ್ತೇನೆ.

“ಟೇಲರ್ ಅದೀರೇನ್ರಿ ಅಕ್ಕಾ?” ಅಂತ ಒಬ್ಬರು ಕೇಳಿದರು. ಹೇಗೆ ಗೊತ್ತಾಯಿತು ಅಂದೆ. “ಎಲ್ಲಾರೂ ಮುಂದ ನೋಡಿ ಚಂದ ಐತಿ ಅಂತಾರ. ನೀವು ಹಿಂದ ಇಣುಕಾಕತ್ತೀರಿ.”

ಅವರಿಂದಲೇ ಹೊಲಿಗೆಗಳ ಹೆಸರು ಕೇಳಿಸಿಕೊಂಡೆ. ಹದಿನಾಲ್ಕು ಬಗೆ ಇವೆ: ಕಿಲನ್, ವೇಲೆ, ಬಕ್ಯಾ, ಮಕಿ, ಸೂರ್ಯಕಾಂತಿ ಮಕಿ, ರೇಲೋ, ಪೋತೆ, ಜೊಲ್ಯಾ, ನಕ್ರಾ, ಹೀಗೆ. ಅವುಗಳಲ್ಲಿ ಒಂದು ಹೆಸರು ಕೇಳಿ ನಾನು ತಮ್ಮನ ಕಡೆ ನೋಡಿದೆ, ಅವನು ನನ್ನ ಕಡೆ ನೋಡಿದ. ಕೌದಿ. ನಮ್ಮ ಅಜ್ಜಿ ಹಳೇ ಸೀರೆ, ಪಂಚೆ, ಹರಿದ ಅಂಗಿ ಎಲ್ಲ ಒಂದರ ಮೇಲೊಂದು ಹಾಸಿ ಹೊಲಿಯುತ್ತಿದ್ದ ಕೌದಿಯ ಮೇಲೆ ಮಲಗಿ ಬೆಳೆದವರು ನಾವು. ಲಂಬಾಣಿ ಕಸೂತಿಯಲ್ಲೂ ಚೂರು ಬಟ್ಟೆ ಜೋಡಿಸುವ ಕೆಲಸ ಬಹಳ ಇದೆ. ಮಷಿನ್ ಮುಂದೆ ಬಿದ್ದ ಕಟ್‌ಪೀಸನ್ನು ನಾನು ದಿನಾ ಗುಡಿಸಿ ಹಾಕುತ್ತೇನಲ್ಲ, ಅದೇ ಇವರಿಗೆ ಬಂಡವಾಳ. ಸ್ವಲ್ಪ ನಾಚಿಕೆಯಾಯಿತು.

ಮಾಲು ನೋಡೋಣ. ದಿಂಬಿನ ಕವರ್, ಹೆಗಲ ಚೀಲ, ಜಾಕೆಟ್, ದುಪಟ್ಟಾ ಎಲ್ಲ ಇದ್ದವು. ನಾನು ತೆಗೆದುಕೊಂಡದ್ದು ಮೂರು: ಒಂದು ಹೆಗಲ ಚೀಲ, ಎರಡು ದಿಂಬಿನ ಕವರ್.

ಚೀಲ ಕಡು ನೀಲಿ ಬಣ್ಣದ್ದು. ಮುಂಬದಿಯಲ್ಲಿ 48 ಕನ್ನಡಿ, ಎಣಿಸಿದ್ದೇನೆ. ಎಲ್ಲ ಗಾಜಿನದ್ದೇ. ಅಂಚಿಗೆ ಕವಡೆ, ಕೆಳಗಿನ ಎರಡು ಮೂಲೆಗೆ ಉಣ್ಣೆಯ ಕುಚ್ಚು. ನಾವು ಸೀರೆಗೆ ಕಟ್ಟುವ ಕುಚ್ಚಿನ ಹಾಗಲ್ಲ, ಇದು ದಪ್ಪ, ಕುಣಿಯುವಂಥದ್ದು. ಬೆಲ್ಟಿನ ಹತ್ತಿರ ಭಾರ ಬೀಳುವ ಜಾಗಕ್ಕೆ ಎರಡು ಸಾಲು ಹೊಲಿಗೆ ಹಾಕಿ ಮೇಲೆ ಅಡ್ಡ ಬಿಗಿದಿದ್ದಾರೆ. ಇದನ್ನು ಮಾಡದ ಬ್ಯಾಗುಗಳು ಮೂರು ತಿಂಗಳಿಗೆ ನನ್ನ ಅಂಗಡಿಗೆ ರಿಪೇರಿಗೆ ಬರುತ್ತವೆ. ಲೈನಿಂಗ್ ಕಾಟನ್.

ಈಗ ಹಿಂಬದಿ. ಲೈನಿಂಗಿನ ಅಂಚನ್ನು ಸ್ವಲ್ಪ ಸರಿಸಿ ಒಳಗೆ ಇಣುಕಿದೆ (ಮನೆಗೆ ಬಂದ ಮೇಲೆ, ಅಲ್ಲೇ ಬಿಚ್ಚಿದರೆ ಏನು ಅಂದುಕೊಂಡಾರು). ದಾರ ಒಂದು ಕನ್ನಡಿಯಿಂದ ಇನ್ನೊಂದಕ್ಕೆ ನೆಗೆದಿಲ್ಲ. ಪ್ರತಿ ಕನ್ನಡಿಗೂ ದಾರ ಮುಗಿಸಿ, ಹಿಂದಕ್ಕೆ ಎರಡು ಸಲ ತೂರಿಸಿ ಕತ್ತರಿಸಿದ್ದಾರೆ. ಇದರಿಂದ ಏನು ಲಾಭ ಅಂದರೆ, ನಾಳೆ ಒಂದು ಕನ್ನಡಿ ಒಡೆದರೂ ಪಕ್ಕದ್ದು ಸಡಿಲವಾಗುವುದಿಲ್ಲ. ಕೈ ಹೊಲಿಗೆ ಅನ್ನುವುದಕ್ಕೆ ಇನ್ನೊಂದು ಗುರುತು: ಎಲ್ಲ ಹೊಲಿಗೆ ಒಂದೇ ಅಳತೆಯಲ್ಲಿ ಇಲ್ಲ. ಎಡಗಡೆಯ ಸಾಲು ಒಂದು ಕೂದಲಷ್ಟು ಬಿಗಿ, ಬಲಗಡೆಯದು ಒಂದು ಕೂದಲಷ್ಟು ಸಡಿಲ. ಮಧ್ಯಾಹ್ನ ಊಟಕ್ಕೆ ಎದ್ದು ಬಂದು ಮತ್ತೆ ಕೂತಿರಬೇಕು. ನನಗೂ ಹಾಗೇ ಆಗುತ್ತದೆ.

ಬೆಲೆ? ಜಾಸ್ತಿ ಅನ್ನಿಸಬಹುದು. ಅಂಕಿ ಬರೆಯುವುದಿಲ್ಲ, ನೀವು ಹೋಗುವಷ್ಟರಲ್ಲಿ ಬದಲಾಗಿರುತ್ತದೆ. ಆದರೆ ನನ್ನ ಲೆಕ್ಕ ಕೇಳಿ. ಒಂದು ಕನ್ನಡಿ ಸರಿಯಾಗಿ ಕೂರಿಸಲು ನನ್ನ ಕೈಗೆ ಐದಾರು ನಿಮಿಷ ಬೇಕು. 48 ಕನ್ನಡಿಗೆ ನಾಲ್ಕರಿಂದ ಐದು ತಾಸು. ಸುತ್ತ ತುಂಬುವ ಹೊಲಿಗೆ, ಅಂಚು, ಕವಡೆ, ಕುಚ್ಚು, ಲೈನಿಂಗ್ ಎಲ್ಲ ಸೇರಿದರೆ ಸರಿಯಾಗಿ ಎರಡು ದಿನದ ಕೆಲಸ. ಎರಡು ದಿನದ ಕೂಲಿ, ಬಟ್ಟೆ, ದಾರ, ಮೇಲೆ ಅಂಗಡಿ ಖರ್ಚು. ಕೂಡಿಸಿ ನೋಡಿ. ‘ಸ್ವಲ್ಪ ಕಮ್ಮಿ ಮಾಡ್ರಿ’ ಅಂತ ನನ್ನ ಬಾಯಿಗೆ ಬಂದಿತ್ತು, ನುಂಗಿಕೊಂಡೆ. ನನ್ನ ಅಂಗಡಿಯಲ್ಲಿ ಯಾರಾದರೂ ಹಾಗೆ ಕೇಳಿದರೆ ನಾನು ಹೇಗೆ ನೋಡುತ್ತೇನೆ ಅಂತ ನನಗೇ ಗೊತ್ತು.

ಹಂಪಿಯಲ್ಲಿ ಇದಕ್ಕಿಂತ ಅಗ್ಗಕ್ಕೆ ಸಿಗುತ್ತದೆ ಅಂತ ನೀವು ಹೇಳಬಹುದು. ಸಿಗುತ್ತದೆ. ನಾನೂ ನೋಡಿದ್ದೇನೆ. ಆದರೆ ಅಲ್ಲಿ ಸಿಗುವ ಎಷ್ಟೋ ಚೀಲಗಳು ಹಳೆಯ ಫೇಟಿಯಾ, ಕಾಂಚಳಿಗಳನ್ನು ಕತ್ತರಿಸಿ ಮಾಡಿದ್ದು. ಫೇಟಿಯಾ ಅಂದರೆ ಲಂಬಾಣಿ ಹೆಂಗಸರ ಲಂಗ, ಕಾಂಚಳಿ ಅಂದರೆ ಮೇಲಿನ ಕುಪ್ಪಸ. ಯಾರದೋ ಮದುವೆಯ ಫೇಟಿಯಾದ ನೆರಿಗೆ ಒಂದು ಕಡೆ ಮೊಬೈಲ್ ಪೌಚ್ ಆಗಿ, ಇನ್ನೊಂದು ಕಡೆ ಬೆಲ್ಟ್ ಆಗಿ ಹೋಗುತ್ತದೆ. ಮಾರಿದವರನ್ನು ಬೈಯುವುದಿಲ್ಲ, ಹೊಟ್ಟೆಪಾಡು. ಆದರೆ ಹಳೆಯದು ಕತ್ತರಿಸಿ ಖಾಲಿಯಾದ ಮೇಲೆ ಮುಂದೇನು? ಸಂಡೂರಿನಲ್ಲಿ ಹೊಸದಾಗಿ ಹೊಲಿಯುತ್ತಾರೆ. ನನಗೆ ಅದೇ ಮುಖ್ಯ.

ಪ್ರಶಸ್ತಿಗಳ ವಿಷಯ ಬೇಗ ಮುಗಿಸುತ್ತೇನೆ. ಸಂಡೂರು ಲಂಬಾಣಿ ಕಸೂತಿಗೆ ಜಿಐ ಟ್ಯಾಗ್ (ಇದು ಈ ಸೀಮೆಯದೇ ಮಾಲು ಅನ್ನುವ ಸರ್ಕಾರಿ ಗುರುತು) ಇದೆ, ಮೈಸೂರು ರೇಷ್ಮೆ, ಇಳಕಲ್ ಸೀರೆಗೆ ಇರುವ ಹಾಗೆ. ಕೇಂದ್ರಕ್ಕೆ 2004ರಲ್ಲಿ ಮತ್ತು 2012ರಲ್ಲಿ ಯುನೆಸ್ಕೋದ ಕರಕುಶಲ ಮುದ್ರೆ ಸಿಕ್ಕಿದೆ. ಸುಮಾರು 600 ಕುಶಲಕರ್ಮಿಗಳು ಇಪ್ಪತ್ತು ಗುಂಪುಗಳಲ್ಲಿ ಇವರ ಜೊತೆ ಕೆಲಸ ಮಾಡುತ್ತಾರೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಂಸ್ಕೃತಿ ಸಭೆ ನಡೆದಾಗ ಇಲ್ಲಿನ 450ಕ್ಕೂ ಹೆಚ್ಚು ಹೆಂಗಸರ ಕೈಕೆಲಸ, ಒಟ್ಟು 1,755 ವಸ್ತು ಒಂದೇ ಕಡೆ ಇಟ್ಟು ಗಿನ್ನೆಸ್ ದಾಖಲೆಯಾಯಿತು. ಆಗ ಆಷಾಢ, ನನಗೆ ಕೆಲಸವೂ ಇರಲಿಲ್ಲ. ಹತ್ತಿರದಲ್ಲೇ ಇದ್ದು ನೋಡಲು ಹೋಗಲಿಲ್ಲ ಅಂತ ಈಗಲೂ ಬೇಜಾರು.

ಇನ್ನು ಕೆಲವರಿಗೆ ಇಷ್ಟವಾಗದ ಮಾತು.

ನಮ್ಮ ಸೀಮೆಯಲ್ಲಿ ಗಣಿ ಕಂಪನಿಗಳು ‘ಸಂಸ್ಕೃತಿ’ಗೆ ದುಡ್ಡು ಕೊಡುವುದನ್ನು ನಾನು ಬಹಳ ಬಗೆಯಲ್ಲಿ ನೋಡಿದ್ದೇನೆ. ಒಂದು ಕಂಪನಿ ನಮ್ಮ ಸಂಬಂಧಿಕರ ಊರಿನ ಹಳೇ ಕಲ್ಲಿನ ಗುಡಿಗೆ ಸಹಾಯ ಮಾಡಿತು. ಹೇಗೆ ಅಂದರೆ, ಕಲ್ಲಿನ ಕಂಬಗಳಿಗೆ ಎಣ್ಣೆ ಬಣ್ಣ ಹೊಡೆಸಿತು. ಹಸಿರು, ಗುಲಾಬಿ. ನೆಲಕ್ಕೆ ಬಾತ್‌ರೂಮಿನ ಟೈಲ್ಸ್. ಕಂಬದ ಮೇಲಿದ್ದ ಸಣ್ಣ ಕೆತ್ತನೆ ಬಣ್ಣದಲ್ಲಿ ಮುಳುಗಿ ಹೋಯಿತು. ಬಾಗಿಲ ಪಕ್ಕ ‘ಕೊಡುಗೆ’ ಅನ್ನುವ ಗ್ರಾನೈಟ್ ಬೋರ್ಡ್ ಮಾತ್ರ ಚೆನ್ನಾಗಿ ಓದಬಹುದು. ಊರವರಿಗೆ ಖುಷಿಯೇ ಆಗಿತ್ತು ಅನ್ನಿ. ನಾನು ಹೇಳಿದರೆ, “ನಿನಗ್ಯಾಕ, ಚಲೋ ಕಾಣಾಕತ್ತೈತಿ” ಅಂದರು. ಜಾತ್ರೆಗೆ ಫ್ಲೆಕ್ಸ್, ನಾಟಕಕ್ಕೆ ಶಾಮಿಯಾನ, ರಾಜ್ಯೋತ್ಸವಕ್ಕೆ ಟೀ ಶರ್ಟ್. ಒಂದು ದಿನದ ಲೆಕ್ಕ, ಒಂದು ಫೋಟೋ.

ಇನ್ನೊಂದು ಕಡೆ, 2006ರಲ್ಲಿ ಬಳ್ಳಾರಿ ಗಡಿಯ ಹಳೆಯ ಸುಗ್ಗಲಮ್ಮ ದೇವಿ ಗುಡಿ ಗಣಿಯ ಹೊಡೆತಕ್ಕೆ ನೆಲಸಮವಾದದ್ದು ನಮ್ಮ ಕಡೆಯವರು ಯಾರೂ ಮರೆತಿಲ್ಲ. ಆ ಸುದ್ದಿ ಬಂದ ದಿನ ನನ್ನ ಅತ್ತೆ ಸಂಜೆ ದೀಪ ಹಚ್ಚಿ ಸುಮ್ಮನೆ ಕೂತಿದ್ದರು. ನೆಲದೊಳಗೆ ಏನಿದೆ ಅಂತ ಅಗೆಯುವವರಿಗೆ ನೆಲದ ಮೇಲೆ ಏನಿತ್ತು ಅನ್ನುವುದು ಕಾಣದೇ ಹೋಗಬಹುದು. ಹಾಗಾಗಿ ‘ಗಣಿ ಕಂಪನಿ ಕಲೆ ಉಳಿಸಿತು’ ಅಂತ ಯಾರಾದರೂ ಹೇಳಿದರೆ ನಾನು ತಕ್ಷಣ ತಲೆ ಆಡಿಸುವವಳಲ್ಲ. ತಿರುವಿ ನೋಡುತ್ತೇನೆ.

ಸಂಡೂರಿನದನ್ನು ತಿರುವಿದಾಗ ನನಗೆ ಕಂಡದ್ದು ಇಷ್ಟು: ಇಲ್ಲಿ ಕಂಪನಿಯ ದುಡ್ಡು ದಾರದ ಹಾಗೆ ಒಳಗೆ ಓಡಿದೆ, ಮೇಲೆ ಎದ್ದು ಕಾಣುವುದಿಲ್ಲ. ಕೊಡುವುದೂ ಕಲೆಗೆ ಅಲ್ಲ, ಕೆಲಸಕ್ಕೆ. ಲಂಬಾಣಿ ಹೆಂಗಸರನ್ನು ವೇದಿಕೆ ಹತ್ತಿಸಿ ಕುಣಿಸಿ ಶಾಲು ಹೊದಿಸುವುದು ಸುಲಭ. ವರ್ಷವಿಡೀ ಬಟ್ಟೆ, ದಾರ ಒದಗಿಸಿ, ಹೊಲಿದದ್ದನ್ನು ಮಾರಿ, ಕೂಲಿ ಕೊಡುವುದು ಕಷ್ಟ. ಅಂಗಡಿ ನಡೆಸುವವಳಾಗಿ ಹೇಳುತ್ತೇನೆ, ಒಬ್ಬಳು ಹುಡುಗಿಗೆ ಆಷಾಢದಲ್ಲೂ ಸಂಬಳ ಕೊಡುವಷ್ಟರಲ್ಲಿ ನನಗೆ ಸಾಕಾಗುತ್ತದೆ. ಗಣಿಯ ಲಾಭ ಇಲ್ಲದೇ ಬರೀ ಚೀಲ ಮಾರಿ ಇಷ್ಟು ವರ್ಷ ಇಷ್ಟು ಜನರನ್ನು ಹಿಡಿದಿಡಲು ಆಗುತ್ತಿತ್ತಾ? ನನಗೆ ಅನುಮಾನ.

ಅದೇ ಜಿಲ್ಲೆಯಲ್ಲಿ ತೋರಣಗಲ್ಲಿನ ವಿದ್ಯಾನಗರದಲ್ಲಿ ಜಿಂದಾಲ್‌ನವರು 2024ರಲ್ಲಿ ಹಂಪಿ ಆರ್ಟ್ ಲ್ಯಾಬ್ಸ್ ತೆರೆದಿದ್ದಾರೆ. ಕಲಾವಿದರು ಬಂದು ಇದ್ದು ಕೆಲಸ ಮಾಡುವ ಜಾಗ, ಕಟ್ಟಡ ನೋಡಲು ಬಹಳ ಚಂದ. ಅದರ ದಾರಿ ಬೇರೆ, ಹೊರಗಿನ ಕಲೆಯನ್ನು ಇಲ್ಲಿಗೆ ಕರೆಯುವುದು. ನನಗೆ ಸೂಜಿ ದಾರದ್ದೇ ಹೆಚ್ಚು ಹತ್ತಿರ, ಅದು ನನ್ನ ದೌರ್ಬಲ್ಯ.

ಒಂದು ಸಂಗತಿ ಮಾತ್ರ ಮನಸ್ಸಿಗೆ ಚುಚ್ಚಿತು, ಅದನ್ನು ಯಾರ ತಪ್ಪು ಅನ್ನಬೇಕೋ ತಿಳಿಯುವುದಿಲ್ಲ. ಸಂಡೂರಿನ ಬಸ್‌ಸ್ಟ್ಯಾಂಡಿನಲ್ಲಿ ಟೀ ಕುಡಿಯುತ್ತಾ ಅರ್ಧ ತಾಸು ಕೂತಿದ್ದೆವು. ತಾಂಡಾದ ಹೆಂಗಸರು ಬಂದು ಹೋಗುತ್ತಿದ್ದರು. ಫೇಟಿಯಾ ಉಟ್ಟಿದ್ದು ಒಬ್ಬರೇ, ಎಪ್ಪತ್ತು ದಾಟಿದ ಅಜ್ಜಿ. ಉಳಿದವರದು ನೈಲಾನ್ ಸೀರೆ, ಹುಡುಗಿಯರದು ಲೆಗ್ಗಿಂಗ್ಸ್, ಟಾಪು. ಮೈಮೇಲಿದ್ದ ಹೊಲಿಗೆ ಈಗ ಬೆಂಗಳೂರಿನ ಸೋಫಾದ ದಿಂಬಿನ ಮೇಲೆ ಹೋಗಿ ಕೂತಿದೆ. ತಪ್ಪು ಅನ್ನುವುದಿಲ್ಲ. ಕೆಜಿಗಟ್ಟಲೆ ತೂಕದ ಲಂಗ ಉಟ್ಟುಕೊಂಡು ಕಬ್ಬು ಕಡಿಯಲು ಹೋಗಿ ಅಂತ ಹೇಳಲು ನಾನು ಯಾರು? ನಾನೇ ಸೀರೆ ಬಿಟ್ಟು ನೈಟಿಯಲ್ಲಿ ಕೂತು ಮಷಿನ್ ತುಳಿಯುತ್ತೇನೆ.

ಒಗೆದ ಮೇಲಿನ ವರದಿ. ದಿಂಬಿನ ಕವರ್ ಒಂದನ್ನು ಬೇಕಂತಲೇ ಒಗೆದೆ. ತಣ್ಣೀರು, ಒಂದು ಚಿಟಿಕೆ ಉಪ್ಪು, ಶಾಂಪೂ. ಪಕ್ಕದಲ್ಲಿ ಬಿಳಿ ಅಸ್ತರಿನ ಚೂರು ಹಾಕಿದ್ದೆ, ಬಣ್ಣ ಹತ್ತಲಿಲ್ಲ. ನೆರಳಲ್ಲಿ ಒಣಗಿಸಿ. ಹಿಂಡಬೇಡಿ, ಟವೆಲಿನಲ್ಲಿ ಸುತ್ತಿ ಒತ್ತಿ. ಇಸ್ತ್ರಿ ಹಿಂಬದಿಯಿಂದ, ಕೆಳಗೆ ದಪ್ಪ ಬಟ್ಟೆ ಹಾಸಿ. ಗಾಜಿನ ಮೇಲೆ ನೇರ ಇಸ್ತ್ರಿ ಇಟ್ಟರೆ ಪಟ್ ಅಂತ ಒಡೆಯುತ್ತದೆ, ಅನುಭವದಿಂದ ಹೇಳುತ್ತಿದ್ದೇನೆ (ಬೇರೆಯವರ ಬ್ಲೌಸಿನ ಮೇಲೆ, ದಂಡ ಕಟ್ಟಿದ್ದೇನೆ). ಕನ್ನಡಿಯ ದಿಂಬಿನ ಮೇಲೆ ಕೆನ್ನೆ ಇಟ್ಟು ಮಲಗಲು ಆಗುವುದಿಲ್ಲ, ಕೂದಲೂ ಸಿಕ್ಕಿಕೊಳ್ಳುತ್ತದೆ. ಅದು ಬೆನ್ನಿಗೆ ಆನಿಸಿಕೊಳ್ಳುವುದಕ್ಕೂ ಅಲ್ಲ, ನೋಡುವುದಕ್ಕೆ. ಚೀಲ ಎರಡು ತಿಂಗಳಿಂದ ದಿನಾ ಹೆಗಲ ಮೇಲಿದೆ, ಕತ್ತರಿ, ಟೇಪು, ಊಟದ ಡಬ್ಬಿ ಸಮೇತ. 48 ಕನ್ನಡಿಯೂ ಇವೆ.

ಹೋಗುವವರಿಗೆ: ಒಮ್ಮೆ ಫೋನ್ ಮಾಡಿ ಹೋಗಿ. ಅವಸರ ಮಾಡಬೇಡಿ. ಸಮಯ ಇದ್ದರೆ ಮೇಲೆ ಕುಮಾರಸ್ವಾಮಿ ಗುಡಿಗೂ ಪಾರ್ವತಿ ಗುಡಿಗೂ ಹೋಗಿ ಬನ್ನಿ. ಬಾದಾಮಿ ಚಾಲುಕ್ಯರ ಕಾಲದಿಂದ ಇರುವ ಜಾಗ. ಕಲ್ಲಿಗೆ ಬಣ್ಣ ಹೊಡೆದ ಗುಡಿ ನೋಡಿ ಬೇಸತ್ತವರಿಗೆ ಕಣ್ಣು ತಂಪಾಗುತ್ತದೆ. ನಕ್ಷತ್ರ ಕೇಳಿದರೆ ನಾಲ್ಕೂವರೆ. ಅರ್ಧ ಯಾಕೆ ಕಟ್ ಮಾಡಿದೆ ಅಂದರೆ, ಟೇಲರ್ ಆದವಳು ಇನ್ನೊಬ್ಬರ ಹೊಲಿಗೆಗೆ ಪೂರ್ತಿ ಮಾರ್ಕ್ಸ್ ಕೊಟ್ಟ ಚರಿತ್ರೆ ಇಲ್ಲ.

ಚೀಲ ತಂದ ಮರುದಿನ ನಮ್ಮ ಹುಡುಗಿ ಅದನ್ನು ಹಿಡಿದು ಬಹಳ ಹೊತ್ತು ಕೂತಳು. ಈ ಸಲ ನಗಲಿಲ್ಲ. “ಶನಿವಾರ ಮನಿಗೆ ಒಯ್ಯಲೇನ್ರಿ ಅಕ್ಕಾ? ಅಜ್ಜಿಗೆ ತೋರಿಸಿ ಸೋಮವಾರ ತರ್ತೀನಿ” ಅಂದಳು. ಕೊಟ್ಟೆ.

ಸೋಮವಾರ ಬಂದಾಗ ಚೀಲದ ಜೊತೆ ಅಜ್ಜಿಯ ತೀರ್ಪೂ ಬಂತು. ಕನ್ನಡಿ ಚಲೋ ಕೂಡಿಸ್ಯಾರ. ಬಣ್ಣ ಮಾತ್ರ ಸಪ್ಪೆ, ಪ್ಯಾಟಿ ಮಂದಿಗೆ ಮಾಡಿದ್ದು. ಇನ್ನೊಂದಿಷ್ಟು ಕೆಂಪು, ಹಳದಿ ಬೇಕಿತ್ತು. ಆಮೇಲೆ ಅಜ್ಜಿ ಟ್ರಂಕ್ ತೆಗೆಸಿ ತನ್ನ ಕಾಂಚಳಿ ತೋರಿಸಿದಳಂತೆ. ಹುಡುಗಿ ಇಪ್ಪತ್ತು ವರ್ಷದಲ್ಲಿ ಅದನ್ನು ಬಿಡಿಸಿ ನೋಡಿದ್ದು ಅದೇ ಮೊದಲು. ಮೊಬೈಲಿನಲ್ಲಿ ಹಿಂಬದಿಯ ಫೋಟೋ ತೆಗೆದುಕೊಂಡು ಬಂದಿದ್ದಳು. ಮುಂಬದಿಯದು ತೆಗೆದಿರಲಿಲ್ಲ.

ಅದೇ ವಾರ ಗಿರಾಕಿ ಒಬ್ಬರು ನನ್ನ ಹೆಗಲ ಮೇಲಿನ ಚೀಲ ನೋಡಿ, “ಇದೇ ಥರ ನನ್ನ ಬ್ಲೌಸಿನ ಬೆನ್ನಿಗೆ ಮಾಡಿಕೊಡ್ತೀರಾ, ಎಷ್ಟಾಗುತ್ತೆ?” ಅಂದರು. ನಾನು ಹುಡುಗಿಯ ಕಡೆ ನೋಡಿದೆ. ಅವಳು ಆರಿ ಫ್ರೇಮಿನಿಂದ ತಲೆ ಎತ್ತಲಿಲ್ಲ.

“ಅಜ್ಜೀನ್ನ ಕೇಳಿ ಹೇಳ್ತೀನ್ರಿ” ಅಂದಳು.